ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಕೆಲಸಗಾರರ ಸುರಕ್ಷತೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯವು ನೆಲೆಗೊಂಡಿರುವುದು ಸರ್ವರಿಗೂ ತಿಳಿದ ವಿಷಯವೇ ಸರಿ. ಮುಂಗಾರಿನ ಮೊದಲ ಮಳೆಗಳಲ್ಲಿ ಸಸಿಗಳನ್ನು ನೆಟ್ಟು, ಜುಲೈ ತಿಂಗಳಿನಿಂದ ಮುಂದಕ್ಕೆ ಸೊಪ್ಪನ್ನು ಹಂತಹಂತವಾಗಿ ಮುರಿದು, ಬ್ಯಾರನ್ನಿನಲ್ಲಿ ಬೇಯಿಸಿ ಹದಗೊಳಿಸಿ, ಹರಾಜು ಕಟ್ಟೆಗೆ ಸಾಗಿಸುವುದು ಇಲ್ಲಿಯ ವಾಡಿಕೆ. 1976ರಲ್ಲಿ ತಂಬಾಕು ಮಂಡಲಿಯು ಸ್ಥಾಪಿತವಾದ ಮೇಲೆ ಬ್ಯಾರನ್ನುಗಳ ನೋಂದಣಿಯೂ ಹರಾಜಿನ ಮಾರಾಟವೂ ಒಂದು ಕ್ರಮಕ್ಕೆ ಬಂದವು. ಬಿತ್ತನೆ, ಗೊಬ್ಬರ, ಕೀಟನಿವಾರಣೆ, ಸೊಪ್ಪಿನ ದರ್ಜೆ ವಿಂಗಡಣೆ, ಇವುಗಳ ವಿಷಯದಲ್ಲಿ ರೈತರಿಗೆ ತಿಳಿವಳಿಕೆ ದೊರೆಯುತ್ತಲಿದೆ. ಆದರೆ ಬ್ಯಾರನ್ನಿನೊಳಗೆ ಏರಿ ಇಳಿಯುವ, ಒಲೆಯ ಮುಂದೆ ರಾತ್ರಿಯೆಲ್ಲ ಕೂಡುವ, ಹಸಿ ಸೊಪ್ಪನ್ನು ಎದೆಗವಚಿ ತರುವ ಆಳುಮಕ್ಕಳ ಮೈಗಾವಲಿನ ವಿಷಯದಲ್ಲಿ ಅಷ್ಟು ಗಮನವು ಸಂದಿಲ್ಲ. ಅಂತಹ ಶಿಕ್ಷಣವು ಎಲ್ಲಿ, ಯಾವಾಗ, ಹೇಗೆ ನಡೆಯಬೇಕೆಂಬುದನ್ನು ಕೆಳಗೆ ವಿವರಿಸಲಾಗಿದೆ.

ಕಟ್ಟಡ ಮತ್ತು ಎತ್ತರದ ಕೆಲಸ

ಈ ಸೀಮೆಯ ಬ್ಯಾರನ್ನು ಸಾಮಾನ್ಯವಾಗಿ 16 ಅಡಿ ಉದ್ದ, 16 ಅಡಿ ಅಗಲದ ಎತ್ತರವಾದ ಕಟ್ಟಡ. ಒಳಗೆ ಒಂದರ ಮೇಲೊಂದರಂತೆ ಅಡ್ಡ ಮರಗಳನ್ನು ಹೂಡಿ, ಸೊಪ್ಪು ಕಟ್ಟಿದ ಕೋಲುಗಳನ್ನು ಅವುಗಳ ಮೇಲೆ ಸಾಲಾಗಿ ಇಡುವರು. ತುಂಬುವಾಗ ಆಳುಗಳು ಎರಡು ಮರಗಳ ಮೇಲೆ ಕಾಲು ಚಾಚಿ ನಿಂತು, ಕೆಳಗಿನವನು ಕೊಟ್ಟ ಕೋಲನ್ನು ಮೇಲಿನವನಿಗೆ ದಾಟಿಸಬೇಕು. ಮಳೆಯಲ್ಲಿ ತೊಯ್ದ ಸೊಪ್ಪಿನ ನೀರು ಮರಗಳ ಮೇಲೆ ಸುರಿದು ಕಾಲು ಜಾರುವುದು. ವರ್ಷಾನುವರ್ಷ ಬಿಸಿಯಲ್ಲಿ ಒಣಗಿದ ಮರದಲ್ಲಿ ಹೊರಗೆ ಕಾಣದ ಸೀಳು ಇರಬಹುದು. ಗೋಡೆಯಲ್ಲಿ ಹುದುಗಿದ ತುದಿಯನ್ನು ಗೆದ್ದಲು ತಿಂದಿರಬಹುದು.

ಆದುದರಿಂದ ಸೊಪ್ಪು ಮುರಿಯುವುದಕ್ಕೆ ಮುಂಚೆಯೇ ಪ್ರತಿಯೊಂದು ಮರವನ್ನೂ ಕೊಡತಿಯಿಂದ ಬಡಿದು ನಾದವನ್ನು ಕೇಳತಕ್ಕದ್ದು. ಟೊಳ್ಳು ನಾದ ಬಂದುದನ್ನು ತೆಗೆದು ಹೊಸದನ್ನು ಹೂಡಬೇಕು. ಏಣಿಯ ಬುಡವು ಎತ್ತರದ ಪ್ರತಿ 4 ಅಡಿಗೆ 1 ಅಡಿಯಂತೆ ಗೋಡೆಯಿಂದ ದೂರವಿರಬೇಕು. ಅದನ್ನು ಒಬ್ಬನು ಹಿಡಿದು ನಿಂತಿರಬೇಕು. ಮಾವಣೆ ರಿಪೇರಿಯನ್ನು ಬೇಸಗೆಯಲ್ಲಿಯೇ ಮುಗಿಸುವುದು ಉತ್ತಮ. ಕಲ್ನಾರಿನ ಶೀಟು ನೋಡಲು ಗಟ್ಟಿಯಾಗಿದ್ದರೂ ಮನುಷ್ಯನ ಭಾರವನ್ನು ತಾಳಲಾರದು. ಅದರ ಮೇಲೆ ನೇರವಾಗಿ ಕಾಲಿಡದೆ, ಅಡ್ಡ ತೊಲೆಗಳ ಮೇಲೆ ನಿಲ್ಲುವ ಹಲಗೆಗಳನ್ನು ಹಾಸಿ ನಡೆಯಬೇಕು. ಹೊಸದಾಗಿ ಏಳುತ್ತಿರುವ ಗೋಡೆಯ ಬುಡದಲ್ಲಿ ಕೆಲಸಗಾರರು ಊಟಕ್ಕೆ ಕೂಡುವುದಾಗಲಿ, ಮಕ್ಕಳನ್ನು ಮಲಗಿಸುವುದಾಗಲಿ ಕೂಡದು.

ಬೆಂಕಿ ಮತ್ತು ಹೊಗೆ

ಒಂದು ಸಲ ತುಂಬಿದ ಸೊಪ್ಪು ಬೇಯಲು ಐದಾರು ದಿನಗಳು ಬೇಕು. ಮೊದಲು ಸುಮಾರು 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಎಲೆಯು ಹಳದಿಗೆ ತಿರುಗುವುದು; ಕೊನೆಗೆ ನಡುದಂಟು ಒಣಗಲು ಶಾಖವು 160 ಡಿಗ್ರಿಯವರೆಗೆ ಏರಬೇಕಾಗುವುದು. ಅಪಾಯವಿರುವುದು ಈ ಕೊನೆಯ ಘಟ್ಟದಲ್ಲಿಯೇ. ಎಲೆಯು ಆಗ ಹಪ್ಪಳದಂತೆ ಒಣಗಿರುತ್ತದೆ. ಕೆಳಗಿನ ತಗಡಿನ ಕೊಳವೆಯು ಕಾದಿರುತ್ತದೆ. ಒಲೆ ಕಾಯುವವನು ಹಲವು ರಾತ್ರಿ ನಿದ್ದೆಗೆಟ್ಟಿರುತ್ತಾನೆ. ಸಡಿಲವಾಗಿ ಕಟ್ಟಿದ ಒಂದು ಎಲೆ ಕಳಚಿ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನು ಉರಿದುಹೋಗಲು ಅದು ಸಾಕು.

ಇದಕ್ಕೆ ಉಪಾಯಗಳು ಸುಲಭವಾದವು. ಕೊಳವೆಗಳಿಗೂ ಕೆಳಗಿನ ಸಾಲಿಗೂ ನಡುವೆ ತಂತಿಯ ಬಲೆಯನ್ನು ಕಟ್ಟುವುದು, ಕೆಳಗಿನ ಸಾಲಿನ ಸೊಪ್ಪನ್ನು ವಿಶೇಷವಾಗಿ ಬಿಗಿದು ಕಟ್ಟುವುದು, ಸೌದೆಯನ್ನು ಒಲೆಯ ಬಾಯಿಯಿಂದ ದೂರದಲ್ಲಿ ಒಟ್ಟುವುದು, ಒಲೆ ಕಾಯಲು ಇಬ್ಬರನ್ನು ಸರದಿಯ ಮೇಲೆ ನೇಮಿಸುವುದು, ನೀರು ತುಂಬಿದ ಪೀಪಾಯಿಗಳನ್ನೂ ಮರಳನ್ನೂ ಕೈಗೆಟಕುವಂತೆ ಇಡುವುದು, ಇಷ್ಟೇ. ಬೆಂಕಿ ಹತ್ತಿದರೆ ಬಾಗಿಲನ್ನು ತೆರೆಯಕೂಡದು; ಗಾಳಿ ನುಗ್ಗಿ ಉರಿಯು ಹೆಚ್ಚುವುದು. ಗಾಳಿಗಿಂಡಿಗಳನ್ನು ಮುಚ್ಚಿ, ಒಲೆಯ ಬೆಂಕಿಯನ್ನು ಹೊರಗೆಳೆದು ನಂದಿಸಿ, ಎಲ್ಲರೂ ದೂರ ಸರಿದು ಅಗ್ನಿಶಾಮಕ ದಳಕ್ಕೆ 101ನೆಯ ಸಂಖ್ಯೆಯಲ್ಲಿ ತಿಳಿಸಬೇಕು. ಸೊಪ್ಪನ್ನು ಉಳಿಸಲೆಂದು ಯಾರೂ ಒಳಗೆ ನುಗ್ಗಬಾರದು. ಮೈ ಸುಟ್ಟರೆ ಬೂದಿ, ಮಸಿ, ಸಗಣಿಗಳನ್ನು ಬಳಿಯದೆ, 20 ನಿಮಿಷಗಳವರೆಗೆ ತಣ್ಣನೆಯ ಶುದ್ಧ ನೀರನ್ನು ಹರಿಸಿ, 108ರ ವಾಹನವನ್ನು ಕರೆಯಿಸಬೇಕು.

ಕಣ್ಣಿಗೆ ಕಾಣದ ಮತ್ತೊಂದು ಅಪಾಯವುಂಟು. ಕೊಳವೆಯ ಬೆಸುಗೆ ಬಿಟ್ಟಿದ್ದರೆ ಅರೆಬೆಂದ ಸೌದೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಒಳಗೆ ಸೇರುವುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಂಗಾಮಿಗೆ ಮುಂಚೆ ಒಲೆಯಲ್ಲಿ ಹಸಿ ಹುಲ್ಲನ್ನು ಉರಿಸಿ, ಒಳಗಿನ ಬೆಸುಗೆಗಳಲ್ಲಿ ಎಲ್ಲಿ ಹೊಗೆಯಾಡುವುದೆಂದು ನೋಡಿ ಆ ಸ್ಥಳಗಳನ್ನು ಸರಿಪಡಿಸಬೇಕು. ಬೇಯಿಸುವಾಗ ಒಳಗೆ ಹೋಗುವವನು ಹೊರಗೊಬ್ಬನನ್ನು ನಿಲ್ಲಿಸಿಯೇ ಹೋಗತಕ್ಕದ್ದು.

ಹಸಿ ಸೊಪ್ಪಿನ ನಂಜು

ಸೊಪ್ಪು ಮುರಿದ ದಿನ ಸಂಜೆ ವಾಂತಿ, ತಲೆಸುತ್ತು, ತಲೆನೋವು, ನಿಶ್ಶಕ್ತಿಗಳು ಕಾಣಿಸಿಕೊಂಡರೆ ಬಿಸಿಲಿನ ಬಾಧೆಯೆಂದೋ, ದೃಷ್ಟಿ ತಾಕಿತೆಂದೋ ಹೇಳುವುದುಂಟು. ನಿಜವಾದ ಕಾರಣವು ಎಲೆಯಲ್ಲಿರುವ ನಿಕೋಟಿನ್. ಅದು ಮಂಜು, ಮಳೆ, ಬೆವರುಗಳ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಅಮೆರಿಕದ ಫ್ಲಾರಿಡಾ ಪ್ರಾಂತದ ಕೆಲಸಗಾರರಲ್ಲಿ ಕಂಡ ಈ ರೋಗವನ್ನು ವೈದ್ಯರು 1970ರಲ್ಲಿ ವರ್ಣಿಸಿದರು. ನಮ್ಮ ದೇಶದಲ್ಲಿಯೂ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಹೊಗೆಸೊಪ್ಪಿನ ಕೆಲಸಗಾರರಲ್ಲಿ ಕೈಗವಸುಗಳ ಪ್ರಯೋಜನವನ್ನು ಪರೀಕ್ಷಿಸಿ, 1987ರಲ್ಲಿ ಅದರ ಫಲವನ್ನು ಪ್ರಕಟಿಸಿದ್ದಾರೆ.

ಇಲ್ಲಿ ಸೊಪ್ಪು ಮುರಿಯುವ ಕಾಲವೂ ಮಳೆಗಾಲವೂ ಒಂದೇ ಆಗಿರುವುದರಿಂದ ಎಚ್ಚರಿಕೆಯು ಇನ್ನೂ ಹೆಚ್ಚಾಗಿರಬೇಕು. ಎಲೆಯ ನೀರು ಆರಿದ ಮೇಲೆ ಮುರಿಯುವುದು, ಕೈಗವಸು ಹಾಗೂ ತುಂಬುತೋಳಿನ ಅಂಗಿ ತೊಡುವುದು, ಎದೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳುವುದು, ತೊಯ್ದ ಬಟ್ಟೆಯನ್ನು ಕೂಡಲೆ ಬದಲಾಯಿಸುವುದು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು ಹಿತಕರ. ಗರ್ಭಿಣಿಯರನ್ನು ಈ ಕೆಲಸಕ್ಕೆ ಕರೆಯಬಾರದು. 14 ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು 1986ರ ಶಾಸನ ಮತ್ತು 2016ರ ತಿದ್ದುಪಡಿಯ ಪ್ರಕಾರ ಅಪರಾಧವು.

ಶಿಕ್ಷಣ ಕೊಡುವ ಕ್ರಮ

ಇಷ್ಟನ್ನೂ ಸಭೆ ಸೇರಿಸಿ ಭಾಷಣದಲ್ಲಿ ಹೇಳಿದರೆ ಸಾಲದು. ಮೊದಲ ಸೊಪ್ಪು ಮುರಿಯುವ ಹಿಂದಿನ ವಾರ, ಒಂದು ಅರ್ಧ ದಿನ, ಬ್ಯಾರನ್ನಿನ ಬಳಿಯಲ್ಲಿಯೇ ಯಜಮಾನನೂ, ಒಲೆ ಕಾಯುವವನೂ, ತುಂಬುವ ಆಳುಗಳೂ, ಸೊಪ್ಪು ಕಟ್ಟುವ ಹೆಂಗಸರೂ ಸೇರಬೇಕು. ಮರವನ್ನು ಬಡಿದು ನೋಡುವುದು, ಏಣಿ ಹೂಡುವುದು, ಗಾಳಿಗಿಂಡಿ ಮುಚ್ಚುವುದು, ಇವನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದ ಒಮ್ಮೆ ಮಾಡಿ ತೋರಿಸಬೇಕು. ಆ ದಿನದ ಕೂಲಿಯನ್ನು ಹಿಡಿಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಮರದ ಮೇಲೆ ನಿಲ್ಲುವವನಿಗೆ ಅದರ ದೋಷವು ಯಜಮಾನನಿಗಿಂತ ಮೊದಲೇ ತಿಳಿಯುತ್ತದೆ. “ಗೌಡ್ರೆ, ಮೂರನೆಯ ಮರ ಮಿಸುಕುತ್ತದೆ” ಎಂದು ಅವನು ಹೇಳಿದರೆ, “ಇದೊಂದು ತುಂಬು ಆಗಲಿ, ಆಮೇಲೆ ನೋಡೋಣ” ಎಂಬ ಉತ್ತರವು ಬರುವುದುಂಟು. ಮುರಿದ ಸೊಪ್ಪು ಕಾದಿರುವಾಗ, ಸಾಲದ ಚಿಂತೆ ತಲೆಯ ಮೇಲಿರುವಾಗ ಆ ಆತುರವು ಸಹಜವೇ. ಆದರೆ ಒಮ್ಮೆ ಹೀಗೆ ಕೇಳಿಸಿಕೊಂಡವನು, ಕೆಲಸಕ್ಕೆ ಅಂಜಿದವನೆಂಬ ಹೆಸರು ಬಂದೀತೆಂದು ಮತ್ತೊಮ್ಮೆ ಬಾಯಿ ಬಿಡುವುದಿಲ್ಲ. ಆದುದರಿಂದ ದೋಷ ಕಂಡ ಆಳು ಕೆಲಸವನ್ನು ನಿಲ್ಲಿಸಬಹುದೆಂದೂ, ಅದಕ್ಕಾಗಿ ಅವನ ಕೂಲಿಗೆ ಕುಂದು ಬಾರದೆಂದೂ ಯಜಮಾನನು ಎಲ್ಲರ ಎದುರಿಗೆ ಮಾತು ಕೊಡತಕ್ಕದ್ದು. ಈ ಮಾತಿಲ್ಲದೆ ಉಳಿದ ಶಿಕ್ಷಣವೆಲ್ಲ ನಿಷ್ಫಲವು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಹಾಳಾದ ಸೊಪ್ಪನ್ನು ಮುಂದಿನ ವರ್ಷ ಮರಳಿ ಬೆಳೆಯಬಹುದು. ಬೆನ್ನುಮೂಳೆ ಮುರಿದ ಆಳಿಗೆ ಮುಂದಿನ ಹಂಗಾಮಿಲ್ಲ. ರೈತ ಬಾಂಧವರು ಒಂದು ಕೊಡತಿ, ಒಂದಿಷ್ಟು ತಂತಿಯ ಬಲೆ, ನಾಲ್ಕು ಜೊತೆ ಕೈಗವಸು, ಅರ್ಧ ದಿನದ ಬಿಡುವು ಇಷ್ಟನ್ನು ಈ ಹಂಗಾಮಿಗೆ ಮುಂಚಿತವಾಗಿಯೇ ಒದಗಿಸಿಕೊಳ್ಳುವುದು ಶ್ರೇಯಸ್ಕರವು.