ಎಪ್ಪತ್ತೆರಡರಲ್ಲಿ ಒಂದು ಪಾಲು

ಜರ್ಮನಿಯ ರೆವೆಲ್ ಕಂಪನಿ ತಯಾರಿಸಿದ ಕಿಟ್‌ಗಳಲ್ಲಿ ಎರಡನೇ ಮಹಾಯುದ್ಧದ 'ಟೈಪ್ 7ಸಿ' ಜಲಾಂತರ್ಗಾಮಿಯದು ಹೆಸರುವಾಸಿ. ಅಳತೆ 1:72. ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಮುಗಿಸಿದರೆ 93 ಸೆಂಟಿಮೀಟರ್ ಉದ್ದದ ಹಡಗು ಮೈದಳೆಯುತ್ತದೆ. ಎಷ್ಟೋ ಮನೆಗಳ ಶೋಕೇಸಿನಲ್ಲಿ ಅದು ಹಿಡಿಸುವುದೇ ಇಲ್ಲ. ಚೀನಾದ ಟ್ರಂಪೆಟರ್ ಕಂಪನಿಯ 1:48ರ ಮಾದರಿಯಂತೂ ಸುಮಾರು 1 ಮೀಟರ್ 40 ಸೆಂಟಿಮೀಟರ್ ಉದ್ದ. 'ಯು-ಬೋಟ್' ಎಂದು ಜಗತ್ತು ಕರೆಯುವ ಈ ಹಡಗುಗಳನ್ನು ತಿಂಗಳುಗಟ್ಟಲೆ ಕೂತು ಕಟ್ಟುವವರು ಹಲವು ದೇಶಗಳಲ್ಲಿದ್ದಾರೆ. ಅವರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಹಿಟ್ಲರನ ನೌಕಾಪಡೆಯ ಆಯುಧವನ್ನು ಇಷ್ಟು ಅಕ್ಕರೆಯಿಂದ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯೇ? ಸರಿ ಎಂದೇ ನನ್ನ ವಾದ, ಆದರೆ ಒಂದು ಷರತ್ತಿನ ಮೇಲೆ. ಅಳತೆಗೆ ನಿಷ್ಠವಾಗಿ ಕಟ್ಟಿದ ಮಾದರಿ ಯು-ಬೋಟಿನ ದಂತಕಥೆಯನ್ನು ಬಯಲು ಮಾಡುತ್ತದೆ. ಆ ನಿಷ್ಠೆಯನ್ನು ಅದು ಮುಳುಗಿಸಿದ ಹಡಗಿಗೂ ತೋರಿಸಬೇಕು, ಅಷ್ಟೆ.

ಮಾದರಿಯ ಮೈಯನ್ನೇ ನೋಡಿ. ಒಡಲಿನ ಉದ್ದಕ್ಕೂ ಸಾಲುಸಾಲಾಗಿ ಸಣ್ಣ ಕಂಡಿಗಳು. ಸಮುದ್ರದ ನೀರು ಸರಾಗವಾಗಿ ಒಳನುಗ್ಗಿ ಹೊರಹರಿಯಲಿ ಎಂದು ಮಾಡಿದವು ಇವು. ಹಡಗು ಯಾವ ಕಾರ್ಖಾನೆಯಲ್ಲಿ ಹುಟ್ಟಿತು ಎಂಬುದರ ಮೇಲೆ ಕಂಡಿಗಳ ವಿನ್ಯಾಸ ಬದಲಾಗುತ್ತದೆ. ಹಳೆಯ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಸಣ್ಣ ಡ್ರಿಲ್ಲಿನಿಂದ ಒಂದೊಂದನ್ನೇ ಕೊರೆಯುವ ಹವ್ಯಾಸಿಗಳಿದ್ದಾರೆ. ಹಾಗೆ ಕೊರೆದವರಿಗೆ ತಾನಾಗಿ ಹೊಳೆಯುವ ಸಂಗತಿಯೊಂದಿದೆ. ಕಣ್ಣಿಗೆ ಕಾಣುವ ಆ ಚೆಂದದ ಮೈ ಬರೀ ಹೊದಿಕೆ. ಆಳದ ಒತ್ತಡ ತಡೆಯುವ ನಿಜವಾದ ಉಕ್ಕಿನ ಕೊಳವೆ ಒಳಗಿದೆ, ಅದರ ಅಗಲ 4.7 ಮೀಟರ್, 1:72ರಲ್ಲಿ ಆರೂವರೆ ಸೆಂಟಿಮೀಟರ್. ನಾಲ್ಕು ಬೆರಳಗಲಕ್ಕಿಂತ ಹೆಚ್ಚಿಲ್ಲದ ಆ ಜಾಗದಲ್ಲಿ ಎಂಜಿನ್, ಬ್ಯಾಟರಿ, ಟಾರ್ಪಿಡೊಗಳ ನಡುವೆ ಸುಮಾರು 50 ಗಂಡಸರು ವಾರಗಟ್ಟಲೆ ಬದುಕಬೇಕಿತ್ತು. ಇನ್ನು ಚೂಪಾದ ಮೂತಿ, ಉದ್ದನೆಯ ಡೆಕ್, ಅದರ ಮೇಲೊಂದು ಫಿರಂಗಿ. ಇವೆಲ್ಲ ನೀರಿನ ಮೇಲೆ ಓಡುವ ಹಡಗಿನ ಲಕ್ಷಣಗಳು. ಮೇಲೆ ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚು ವೇಗ, ನೀರಡಿಯಲ್ಲಿ ಹೆಚ್ಚೆಂದರೆ 14. ಅದೂ ಬ್ಯಾಟರಿ ಇರುವಷ್ಟು ಹೊತ್ತು. ಕಡಲಾಳದಲ್ಲಿ ಸದ್ದಿಲ್ಲದೆ ಅಲೆಯುವ ತೋಳ ಎಂಬ ಸಿನಿಮಾ ಚಿತ್ರಕ್ಕೂ ಈ ಹಡಗಿಗೂ ತಾಳೆಯೇ ಆಗದು. ಅಗತ್ಯಬಿದ್ದಾಗ ಮುಳುಗಿ ಅಡಗಬಲ್ಲ ಮೇಲ್ಮೈ ಹಡಗು ಅದು.

ಮಾದರಿ ಇಟ್ಟುಕೊಂಡು ಇದನ್ನು ಅರಿತವರಲ್ಲಿ ಯು-ಬೋಟಿನ ಎದುರಾಳಿಗಳೂ ಇದ್ದರು. 1942ರ ಆರಂಭದಲ್ಲಿ ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ ಒಂದು ತರಬೇತಿ ಕೇಂದ್ರ ತೆರೆದರು. ಕೋಣೆಯ ನೆಲವೇ ಅಟ್ಲಾಂಟಿಕ್ ಸಾಗರ; ಅದರ ಮೇಲೆ ಪುಟ್ಟ ಮಾದರಿ ಹಡಗುಗಳು. ನೌಕಾಪಡೆಯ ಮಹಿಳಾ ದಳದ ಎಳೆಯ ವಯಸ್ಸಿನ ಹೆಣ್ಣುಮಕ್ಕಳು ಬಗ್ಗಿ ಬಗ್ಗಿ ಅವನ್ನು ಸರಿಸುತ್ತ, ಸಾಗಿದ ಹಾದಿಯನ್ನು ಸೀಮೆಸುಣ್ಣದಲ್ಲಿ ಗುರುತಿಸುತ್ತಿದ್ದರು. ಬೆಂಗಾವಲು ಹಡಗುಗಳ ಕ್ಯಾಪ್ಟನ್‌ಗಳು ಪರದೆಯ ಹಿಂದೆ ನಿಂತು ಸಣ್ಣ ಕಿಂಡಿಯಲ್ಲಿ ಕಂಡಷ್ಟನ್ನೇ ನಂಬಿ ಆಜ್ಞೆ ಕೊಡಬೇಕು. ಯು-ಬೋಟಿನ ಹಸಿರು ಗೆರೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೀಗೆ ಮತ್ತೆ ಮತ್ತೆ ಆಡಿ ನೋಡಿದಾಗ ಯು-ಬೋಟ್ ರಾತ್ರಿ ಹೊತ್ತು ನೀರಿನ ಮೇಲೆಯೇ ಹಿಂದಿನಿಂದ ಬಂದು ವ್ಯಾಪಾರಿ ಹಡಗುಗಳ ಕಾನ್ವಾಯ್‌ನ ಸಾಲುಗಳ ನಡುವೆ ನುಸುಳಿ ಟಾರ್ಪಿಡೊ ಬಿಡುತ್ತದೆ ಎಂಬುದು ಸ್ಪಷ್ಟವಾಯಿತು. ಅದಕ್ಕೆ ರೂಪಿಸಿದ ಪ್ರತಿತಂತ್ರಕ್ಕೆ 'ರಾಸ್‌ಬೆರಿ' ಎಂದು ಹೆಸರಿಟ್ಟರು. ಮಾದರಿ ಹಡಗೆಂದರೆ ಮಕ್ಕಳಾಟ ಎನ್ನುವವರು ಈ ಕೋಣೆಯನ್ನೊಮ್ಮೆ ನೆನೆಯಬೇಕು. ಮುಖ್ಯ ಮಾತೆಂದರೆ, ಆ ನೆಲದ ಮೇಲೆ ಯು-ಬೋಟ್ ಒಂಟಿಯಾಗಿರಲಿಲ್ಲ. ಅದು ಬೇಟೆಯಾಡುತ್ತಿದ್ದ ಹಡಗುಗಳೂ ಅಲ್ಲೇ ಇದ್ದವು.

ಕಿಟ್‌ನ ಪೆಟ್ಟಿಗೆಯಲ್ಲಿ ಅವು ಇಲ್ಲ. ಅವುಗಳ ಮಾತೇಕೆ, ಯು-ಬೋಟಿನ ಧ್ವಜದಿಂದ ಸ್ವಸ್ತಿಕ ತೆಗೆದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಪ್ರದರ್ಶನವನ್ನು ನಿಷೇಧಿಸುವುದರಿಂದ, ಅಲ್ಲಿ ಮಾರಾಟವಾಗುವ ಕಿಟ್‌ಗಳ ಧ್ವಜದಲ್ಲಿ ಆ ಗುರುತು ಇರುವುದಿಲ್ಲ. ಕಾನೂನಿಗೆ ಅದರದೇ ಕಾರಣವಿದೆ, ಅದನ್ನು ಗೌರವಿಸುತ್ತೇನೆ. ಆದರೆ ಗುರುತು ಅಳಿಸಿದ ಮೇಲೆ ಉಳಿಯುವುದು ಯಾವ ಸರ್ಕಾರಕ್ಕೂ ಸೇರದಂತೆ ಕಾಣುವ ಒಂದು ಚೆಂದದ ಯಂತ್ರ. ಯಂತ್ರವೆಂದೇ ಮೆಚ್ಚುತ್ತೇವೆ, ರಾಜಕೀಯ ನಮಗೆ ಬೇಡ ಎನ್ನುವವರಿಗೆ 'ಟೈಪ್ 21'ರ ಕಿಟ್ ಉತ್ತರ ಕೊಡುತ್ತದೆ. ಆ ಹಡಗನ್ನು ನಿಜದಲ್ಲೂ ಕಿಟ್‌ನಂತೆಯೇ ಬೇರೆ ಬೇರೆ ಕಡೆ ತುಂಡುಗಳಾಗಿ ತಯಾರಿಸಿ ಒಂದೆಡೆ ಜೋಡಿಸುತ್ತಿದ್ದರು. ಹಾಗೆ ಜೋಡಿಸಲೆಂದೇ ಬ್ರೆಮೆನ್ ಹತ್ತಿರ 'ವ್ಯಾಲೆಂಟಿನ್' ಎಂಬ ಬೃಹತ್ ಕಾಂಕ್ರೀಟ್ ಬಂಕರ್ ಎಬ್ಬಿಸಲು ಹೊರಟರು. ಸೆರೆಯಾಳುಗಳನ್ನೂ ಬಲವಂತದ ಕೂಲಿಗಳನ್ನೂ ದುಡಿಸಿದ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದೇ ಒಂದು ಹಡಗೂ ಅಲ್ಲಿಂದ ಹೊರಬರಲಿಲ್ಲ. ಇದನ್ನು ಬಿಟ್ಟು ಯಂತ್ರವನ್ನಷ್ಟೇ ಹೇಳಿದರೆ ಯಂತ್ರದ ಕಥೆಯೂ ಪೂರ್ತಿಯಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಯು-ಬೋಟ್‌ಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000ದಷ್ಟು ಮಂದಿ ಹಿಂದಿರುಗಲಿಲ್ಲ, ಮಾದರಿ ಕಟ್ಟುವುದು ಅವರ ನೆನಪಿಗೂ ಸಲ್ಲುತ್ತದೆ ಎನ್ನುತ್ತಾರೆ. ಒಪ್ಪೋಣ. ಕೀಲ್ ಬಳಿಯ ಮೋಲ್ಟೆನೋರ್ಟ್ ಸ್ಮಾರಕದಲ್ಲಿ ಅವರ ಹೆಸರುಗಳಿವೆ. ಲಾಬೋದ ಕಡಲದಂಡೆಯಲ್ಲಿ ನಿಜವಾದ ಯು-995 ಇಂದಿಗೂ ನಿಂತಿದೆ. ಆದರೆ ಅವರ ಕೈಯಲ್ಲಿ ಸತ್ತವರ ಅಳತೆ ಯಾರು ತೆಗೆಯಬೇಕು? 1940ರ ಸೆಪ್ಟೆಂಬರ್ 17ರ ರಾತ್ರಿ ಯು-48 ಅಟ್ಲಾಂಟಿಕ್‌ನಲ್ಲಿ 'ಸಿಟಿ ಆಫ್ ಬೆನಾರಸ್' ಎಂಬ ಹಡಗನ್ನು ಹೊಡೆಯಿತು. ಬಾಂಬ್ ದಾಳಿಯಿಂದ ಪಾರಾಗಲೆಂದು ಬ್ರಿಟನ್ ಸರ್ಕಾರವೇ ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು, 77 ಮಂದಿ ಸತ್ತರು. ಹಡಗಿನ ಕೆಲಸಗಾರರಲ್ಲಿ ದೊಡ್ಡ ಪಾಲು 'ಲಸ್ಕರ್' ಎಂದು ಕರೆಸಿಕೊಳ್ಳುತ್ತಿದ್ದ ಭಾರತೀಯರು. 12ನೇ ನಂಬರಿನ ಜೀವರಕ್ಷಕ ದೋಣಿಯಲ್ಲಿ 46 ಮಂದಿ ಎಂಟು ದಿನ ತೇಲಿದರು. ಆರು ಬಾಲಕರು, ಅವರನ್ನು ನೋಡಿಕೊಂಡ ಮೇರಿ ಕಾರ್ನಿಷ್ ಎಂಬ ಸಂಗೀತ ಶಿಕ್ಷಕಿ, ಜೊತೆಗೆ ಮೂವತ್ತಕ್ಕೂ ಹೆಚ್ಚು ಲಸ್ಕರರು.

ಯು-48 'ಟೈಪ್ 7ಬಿ'; ಮೇಲೆ ಹೇಳಿದ ಕಿಟ್‌ಗಿಂತ ಒಂದು ಸೆಂಟಿಮೀಟರಿನಷ್ಟೇ ಗಿಡ್ಡ. ಅದೇ ಅಳತೆಯಲ್ಲಿ 'ಬೆನಾರಸ್' ಎರಡು ಮೀಟರಿಗೂ ಉದ್ದವಾಗುತ್ತದೆ. 1:72ರಲ್ಲಿ ಬೆಂಗಾವಲಿನ 'ಫ್ಲವರ್' ದರ್ಜೆಯ ಹಡಗಿನ ಕಿಟ್ ಸಿಗುತ್ತದೆ. ಟಾರ್ಪಿಡೊ ತಿಂದ ವ್ಯಾಪಾರಿ ಹಡಗುಗಳದು ಬಲು ಅಪರೂಪ. ಎರಡು ಮೀಟರಿನ ಹಡಗನ್ನು ಮನೆಯಲ್ಲಿ ಯಾರು ಕಟ್ಟುತ್ತಾರೆ ಎಂದರೆ ಅದು ನ್ಯಾಯವಾದ ಮಾತು. ಆದರೆ ಅದರ ಜೀವರಕ್ಷಕ ದೋಣಿಯೊಂದನ್ನು ಕಟ್ಟಬಹುದು. 30 ಅಡಿಯ ದೋಣಿ ಈ ಅಳತೆಯಲ್ಲಿ ಒಂದು ಗೇಣಿಗೂ ಕಡಿಮೆ, 13 ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಯು-ಬೋಟ್ ಕಟ್ಟಿ ಉಳಿದ ಪ್ಲಾಸ್ಟಿಕ್ಕೇ ಅದಕ್ಕೆ ಸಾಕು. ಎರಡು ಸೆಂಟಿಮೀಟರಿಗಿಂತ ತುಸು ಎತ್ತರದ 46 ಗೊಂಬೆಗಳನ್ನು ಅದರಲ್ಲಿ ಕೂರಿಸಲು ಹೋದರೆ ಕಾಲು ಚಾಚಲು ಯಾರಿಗೂ ಜಾಗವಿರುವುದಿಲ್ಲ.