ಬಯಲಿನಲ್ಲಿ ಮಗುವಿನ ಹಗಲು ನಿದ್ದೆ

ಏಪ್ರಿಲ್ ಮತ್ತು ಮೇ ತಿಂಗಳ ಶಾಲಾ ರಜೆಯಲ್ಲಿ ದಾಂಡೇಲಿಯ ಕಾಡಂಚಿಗೋ, ಹಂಪಿಯ ಹೊಳೆದಂಡೆಗೋ, ಗೋಕರ್ಣದ ಕಡಲ ಬದಿಗೋ ಹೋಗಿ ಗುಡಾರ ಹೂಡುವ ಕುಟುಂಬಗಳನ್ನು ಅಡುಗೆ, ನೀರು, ಸೊಳ್ಳೆಗಳಿಗಿಂತ ಹೆಚ್ಚಾಗಿ ಕಾಡುವುದು ಎಳೆಯ ಮಕ್ಕಳ ಮಧ್ಯಾಹ್ನದ ನಿದ್ದೆ. ಮನೆಯಲ್ಲಿ ಊಟವಾದೊಡನೆ ಕಣ್ಣು ಮುಚ್ಚುವ ಮಗು ಇಲ್ಲಿ ಹೊರಳಾಡುತ್ತದೆ, ರಚ್ಚೆ ಹಿಡಿಯುತ್ತದೆ, ಹತ್ತು ನಿಮಿಷ ಮಲಗಿ ಬೆವರಿನಲ್ಲಿ ತೊಯ್ದು ಎದ್ದು ಕೂರುತ್ತದೆ. ಆಗ ಹಿರಿಯರು ಮಗುವನ್ನು ಗುಡಾರದೊಳಗೆ ಒಯ್ದು, ಬೆಳಕು ಬಾರದಿರಲೆಂದು ಬಾಗಿಲಿನ ಜಿಪ್ ಎಳೆದು, ಮೈಮೇಲೆ ಒಂದು ಹೊದಿಕೆ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಮೂರು ಕೆಲಸಗಳೂ ನಿದ್ದೆಯನ್ನು ದೂರ ತಳ್ಳುತ್ತವೆ. ಏಕೆಂದರೆ ನಿದ್ದೆ ಬರಬೇಕಾದರೆ ದೇಹದ ಒಳಗಿನ ಬಿಸಿ ಹೊರಹೋಗಲು ದಾರಿ ಇರಬೇಕು, ಈ ಮೂರೂ ಆ ದಾರಿಯನ್ನೇ ಮುಚ್ಚುತ್ತವೆ.

ನಿದ್ದೆಯನ್ನು ಎರಡು ಪ್ರಕ್ರಿಯೆಗಳು ಸೇರಿ ನಿಯಂತ್ರಿಸುತ್ತವೆ ಎಂಬ ವಿವರಣೆಯನ್ನು ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ಟರು. ಎಚ್ಚರವಾಗಿರುವಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಮೊದಲಾದ ರಾಸಾಯನಿಕಗಳು ಕೂಡುತ್ತ ಹೋಗಿ ನಿದ್ದೆಯ ಒತ್ತಡವನ್ನು ಏರಿಸುವುದು ಒಂದನೆಯದು; ಹಗಲು ರಾತ್ರಿಗಳ ಲಯಕ್ಕೆ ಹೊಂದಿಕೊಂಡ ದೇಹದ ಗಡಿಯಾರ ಎರಡನೆಯದು. ಎಳೆಯ ಮಕ್ಕಳಲ್ಲಿ ಈ ಒತ್ತಡ ದೊಡ್ಡವರಿಗಿಂತ ಬೇಗ ಏರುವುದರಿಂದ ಅವರು ಸಂಜೆಯವರೆಗೆ ತಾಳಲಾರರು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಬೇಕೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಆದರೆ ಒತ್ತಡ ಎಷ್ಟೇ ಏರಿದ್ದರೂ ನಿದ್ದೆಗೆ ಜಾರುವ ಆ ಗಳಿಗೆಯಲ್ಲಿ ದೇಹದೊಳಗಿನ ಉಷ್ಣತೆ ಕೊಂಚ ಇಳಿಯಬೇಕು, ಆ ಇಳಿಕೆ ನಡೆಯುವುದು ಬಹುಮಟ್ಟಿಗೆ ಅಂಗೈ ಮತ್ತು ಅಂಗಾಲುಗಳ ಮೂಲಕ. ಅಲ್ಲಿನ ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿರಕ್ತವನ್ನು ಚರ್ಮದ ಹತ್ತಿರ ತಂದು, ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಕೈಕಾಲುಗಳು ಹೀಗೆ ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು 1999ರಲ್ಲಿ ತೋರಿಸಿದ್ದರು. ನಿದ್ದೆ ಬಂದ ಮಗುವಿನ ಅಂಗೈ ಬಿಸಿಯಾಗುವುದನ್ನು ತಾಯಂದಿರು ಬಲ್ಲರು. ಸುತ್ತಲಿನ ಗಾಳಿಯೇ ಚರ್ಮದಷ್ಟು ಬಿಸಿಯಾಗಿದ್ದರೆ ಈ ಶಾಖ ಹೋಗಲು ಎಡೆಯಿಲ್ಲ, ಆಗ ಮಗು ದಣಿದಿದ್ದರೂ ಮಲಗಲಾರದು.

ಈ ತೊಂದರೆ ಮಕ್ಕಳಲ್ಲಿ ತೀವ್ರವಾಗಲು ಅವರ ದೇಹದ ಅಳತೆಯೇ ಕಾರಣ. ಹತ್ತು ಕಿಲೋ ತೂಗುವ ಒಂದು ವರ್ಷದ ಮಗುವಿನ ಚರ್ಮದ ವಿಸ್ತಾರ ಸುಮಾರು ಅರ್ಧ ಚದರ ಮೀಟರ್, ಅರವತ್ತು ಕಿಲೋ ತೂಗುವ ವಯಸ್ಕರದ್ದು ಸುಮಾರು 1.65 ಚದರ ಮೀಟರ್. ತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ ಮಗುವಿನ ಚರ್ಮ ದೊಡ್ಡವರದ್ದಕ್ಕಿಂತ ಮುಕ್ಕಾಲು ಪಾಲಿನಷ್ಟು ಹೆಚ್ಚು. ಗಾಳಿ ತಂಪಾಗಿದ್ದಾಗ ಈ ಹೆಚ್ಚಿನ ಚರ್ಮ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಆದರೆ ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು, ಅಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಅನ್ನು, ದಾಟಿದ ಮೇಲೆ ಅದೇ ಚರ್ಮ ಹೊರಗಿನ ಬಿಸಿಯನ್ನು ಒಳಗೆಳೆದುಕೊಳ್ಳುತ್ತದೆ. ಅಲ್ಲಿಂದಾಚೆಗೆ ಉಳಿಯುವ ಉಪಾಯ ಬೆವರು ಒಂದೇ. ಮಕ್ಕಳ ಬೆವರುಗ್ರಂಥಿಗಳಾದರೋ ದೊಡ್ಡವರ ಗ್ರಂಥಿಗಳಿಗಿಂತ ಕಡಿಮೆ ಬೆವರು ಸುರಿಸುತ್ತವೆ. ಸೆಖೆಯಾಯಿತೆಂದು ಬಟ್ಟೆ ಕಳಚಲು, ಜಾಗ ಬದಲಿಸಲು, ನೀರು ಕೇಳಲು ಕೂಸಿಗೆ ಬಾರದೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಗುಡಾರದ ವಿಷಯಕ್ಕೆ ಬಂದರೆ, ಅದರ ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಕಾದ ಮೇಲೆ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಒಳಗಿರುವವರ ಮೇಲೆ ಬೀರುತ್ತದೆ. ಬಾಗಿಲು ಮುಚ್ಚಿದ್ದರೆ ಬಿಸಿಯಾದ ಗಾಳಿಗೂ ಹೊರಹೋಗಲು ದಾರಿಯಿಲ್ಲ. ಆದ್ದರಿಂದ ನಡುಹಗಲಿನಲ್ಲಿ ಗುಡಾರವನ್ನು ಸಾಮಾನು ಇಡುವ ಜಾಗವೆಂದಷ್ಟೇ ಭಾವಿಸಿ, ಮಗುವನ್ನು ಮರದ ಕೆಳಗೆ ಮಲಗಿಸುವುದು ಸರಿಯಾದ ಕ್ರಮ. ಎಲೆಗಳು ತಮ್ಮ ಸೂಕ್ಷ್ಮರಂಧ್ರಗಳಿಂದ ನೀರನ್ನು ಆವಿಯಾಗಿ ಬಿಡುತ್ತಿರುವುದರಿಂದ ಬಿಸಿಲಿನಲ್ಲಿಯೂ ಅವುಗಳ ಉಷ್ಣತೆ ಗಾಳಿಯ ಉಷ್ಣತೆಯ ಆಸುಪಾಸಿನಲ್ಲಿಯೇ ಉಳಿಯುತ್ತದೆ, ಹಾಗಾಗಿ ಎಲೆಯ ಚಪ್ಪರ ಕಾದ ಬಟ್ಟೆಯಂತೆ ಕೆಳಗಿನವರಿಗೆ ಶಾಖ ಬೀರುವುದಿಲ್ಲ. ಮರವೇ ಇಲ್ಲದ ಕಡೆ ಗುಡಾರದ ಮೇಲೆ ಒಂದೆರಡು ಅಡಿ ಅಂತರ ಬಿಟ್ಟು ತಿಳಿ ಬಣ್ಣದ ತಾರ್ಪಾಲನ್ನು ಎಳೆದು ಕಟ್ಟಬೇಕು. ಆಗ ಕಾಯುವುದು ತಾರ್ಪಾಲು. ನಡುವಿನ ಗಾಳಿ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಗುಡಾರದ ಎರಡು ಎದುರು ಬದುರು ಬಾಗಿಲುಗಳನ್ನು ಬಲೆಯೊಂದನ್ನೇ ಉಳಿಸಿ ತೆರೆದಿಡಬೇಕು.

ಮರ ಎಂದರೆ ಯಾವ ಮರವಾದರೂ ಆದೀತೆಂದಲ್ಲ. ದಾಂಡೇಲಿ ಸುತ್ತಲಿನ ತೇಗದ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಬರಿದಾಗಿ ನಿಲ್ಲುತ್ತವೆ, ಚಳಿಗಾಲದ ಚಿತ್ರಗಳಲ್ಲಿ ದಟ್ಟ ನೆರಳಿನ ತಾಣವಾಗಿ ಕಂಡದ್ದು ಏಪ್ರಿಲ್‌ನಲ್ಲಿ ಬಿಸಿಲಿನ ಬಯಲೇ ಆಗಿರಬಹುದು. ಹೊಂಗೆ ಇದಕ್ಕೆ ವಿರುದ್ಧ: ಎಲೆ ಉದುರಿದ ಕೆಲವೇ ದಿನಗಳಲ್ಲಿ, ಯುಗಾದಿಯ ಆಸುಪಾಸಿನಲ್ಲಿ, ಹೊಸ ಚಿಗುರು ಹೊದ್ದು ಬಿಸಿಲು ಏರುವ ಹೊತ್ತಿಗೆ ಒತ್ತಾದ ನೆರಳು ಕೊಡುತ್ತದೆ. ತೆಂಗಿನ ಬುಡದಲ್ಲಿ ಕಾಯಿ ಬೀಳುವ ಅಪಾಯವಿದೆ. ಮಾವಿನ ಮರವಾದರೆ ಎಲೆಗಳನ್ನು ಹೊಲಿದು ಮಾಡಿದ ಚಗಳಿ ಇರುವೆಯ ಗೂಡುಗಳಿವೆಯೇ ಎಂದು ಕತ್ತೆತ್ತಿ ನೋಡಿಕೊಳ್ಳಬೇಕು.

ನೆರಳು ಸರಿಯುವ ದಿಕ್ಕನ್ನೂ ಮುಂಚಿತವಾಗಿ ಲೆಕ್ಕ ಹಾಕಬಹುದು. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿಗೂ ಮೇ ಮೊದಲ ವಾರದಲ್ಲಿ ಹಂಪಿಗೂ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ, ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಮರದ ನೆರಳು ಸರಿಯಾಗಿ ಅದರ ಕೆಳಗೇ ಬಿದ್ದಿರುತ್ತದೆ. ಅಲ್ಲಿಂದ ಮುಂದೆ ಅದು ಪೂರ್ವಕ್ಕೆ ಸರಿಯುತ್ತ, ಹತ್ತು ಮೀಟರ್ ಎತ್ತರದ ಕೊಂಬೆಯ ನೆರಳು 3 ಗಂಟೆಗೆ ಸುಮಾರು ಎಂಟು ಮೀಟರ್ ದೂರ ಹೋಗಿರುತ್ತದೆ. ಊಟವಾದ ಮೇಲೆ ಮಲಗಿಸುವ ಮಗುವಿಗೆ ಬುಡದ ಪೂರ್ವ ಬದಿಯನ್ನು ಆರಿಸಿದರೆ ನಿದ್ದೆಯ ನಡುವೆ ಮುಖದ ಮೇಲೆ ಬಿಸಿಲು ಬೀಳುವುದಿಲ್ಲ.

ನೆಲದ ಕಡೆಗೂ ಗಮನ ಬೇಕು. ಬೆಳಗಿನಿಂದ ಬಿಸಿಲು ಕುಡಿದ ಮರಳು ಮತ್ತು ಹಂಪಿಯ ಕಡೆಯ ಕಣಶಿಲೆಯ ಬಂಡೆಗಳು ನೆರಳು ಬಂದ ಮೇಲೆಯೂ ಗಂಟೆಗಟ್ಟಲೆ ಶಾಖ ಕಾರುವುದರಿಂದ, ಬೆಳಗಿನಿಂದಲೇ ನೆರಳಿದ್ದ ಮಣ್ಣಿನ ನೆಲವೇ ಲೇಸು. ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಬೇಸಿಗೆಯ ಒಣ ತರಗೆಲೆಗಳಲ್ಲಿಯೇ ಹೇರಳವಾಗಿರುತ್ತವೆ. ಶಿವಮೊಗ್ಗ, ಉತ್ತರ ಕನ್ನಡದಂತಹ ಜಿಲ್ಲೆಗಳಲ್ಲಿ ತರಗೆಲೆಯ ಮೇಲೆ ಚಾಪೆ ಹಾಸಿ ಮಗುವನ್ನು ಮಲಗಿಸುವುದು ಖಂಡಿತ ಕೂಡದು. ಗುಡಿಸಿದ ಬರಿನೆಲವೋ ಮಂಚವೋ ಇರಬೇಕು, ಕಾಯಿಲೆ ಕಾಣಿಸಿಕೊಂಡ ಕಾಡಿಗೆ ಆ ವರ್ಷ ಹೋಗದಿರುವುದೇ ಒಳ್ಳೆಯದು. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವುದರಿಂದ ಮಧ್ಯಾಹ್ನದ ನಿದ್ದೆಗೂ ಸೊಳ್ಳೆಪರದೆ ಬೇಕು. ಅದನ್ನು ಮೈಗೆ ತಗಲದಂತೆ ಎತ್ತರಕ್ಕೆ, ಅಗಲವಾಗಿ ಕಟ್ಟಿದರೆ ಗಾಳಿಯಾಡುತ್ತದೆ.

ಒದ್ದೆ ಬಟ್ಟೆಯ ಉಪಾಯ ಎಲ್ಲ ಊರುಗಳಲ್ಲಿಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖವನ್ನು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ, ಇದು ಅಷ್ಟೇ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದ ಶಾಖದ ಏಳು ಪಟ್ಟು. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆವಿಯಾಗುವುದೇ ಕಷ್ಟ. ಆವಿಯಾಗುವಿಕೆಯೊಂದರಿಂದ ಒಂದು ವಸ್ತು ಎಷ್ಟು ತಣ್ಣಗಾಗಬಲ್ಲದು ಎಂಬುದರ ಮಿತಿಯನ್ನು ಒದ್ದೆ ಬಲ್ಬಿನ ಉಷ್ಣತೆ ಎನ್ನುತ್ತಾರೆ. ಉಷ್ಣಮಾಪಕದ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ ಅದು ತೋರಿಸುವ ಅಂಕಿ ಅದು. ರಾಯಚೂರಿನಂತಹ ಒಣ ಸೀಮೆಯಲ್ಲಿ 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇಕಡ 20 ಇದ್ದರೆ ಈ ಮಿತಿ ಸುಮಾರು 23 ಡಿಗ್ರಿ. ಕಾರವಾರದ ಕಡಲ ಬದಿಯಲ್ಲಿ 33 ಡಿಗ್ರಿಯಷ್ಟೇ ಇದ್ದು ತೇವಾಂಶ ಶೇಕಡ 75 ಇದ್ದರೆ ಮಿತಿ ಸುಮಾರು 29 ಡಿಗ್ರಿ. ಅಂದರೆ ಒಣ ಸೀಮೆಯಲ್ಲಿ ಗಾಳಿ ಬರುವ ಬದಿಗೆ ಹಿಂಡಿದ ಒದ್ದೆ ಪಂಚೆಯೊಂದನ್ನು ತೂಗುಹಾಕಿದರೆ ಅದರ ಹಿಂದಿನ ಗಾಳಿ ನಿಜವಾಗಿಯೂ ತಣಿಯುತ್ತದೆ. ಕರಾವಳಿಯಲ್ಲಿ ಅದೇ ಪಂಚೆ ಗಾಳಿಗೆ ಅಡ್ಡವಾಗುವುದೇ ಹೆಚ್ಚು. ಅಲ್ಲಿ ಮಗುವಿಗೆ ಬೇಕಾದದ್ದು ತಡೆಯಿಲ್ಲದ ಕಡಲಗಾಳಿ ಮತ್ತು ಆಗಾಗ ಒದ್ದೆ ಬಟ್ಟೆಯಿಂದ ಕೈಕಾಲು, ಕುತ್ತಿಗೆಗಳನ್ನು ಒರೆಸುವ ಆರೈಕೆ.

ಮಗುವಿನ ತಳ್ಳುಗಾಡಿಯ ಮೇಲೆ ಬಿಸಿಲು ತಡೆಯಲು ಬಟ್ಟೆ ಮುಚ್ಚುವ ರೂಢಿಯನ್ನು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶವೂ ಈ ಮಾತನ್ನೇ ಹೇಳುತ್ತದೆ. ತೆಳುವಾದ ಒಣ ಬಟ್ಟೆ ಮುಚ್ಚಿದಾಗ ಗಾಡಿಯ ಒಳಗಿನ ಉಷ್ಣತೆ ಏರಿತು. ಅದೇ ಬಟ್ಟೆಯನ್ನು ನೆನೆಸಿ, ಜೊತೆಗೆ ಸಣ್ಣ ಬ್ಯಾಟರಿ ಫ್ಯಾನ್ ಇಟ್ಟಾಗ ಉಷ್ಣತೆ ಕೆಲವು ಡಿಗ್ರಿ ಇಳಿಯಿತು. ಒದ್ದೆ ಬಟ್ಟೆ ಬಿಸಿಲಿನಲ್ಲಿ ಬೇಗ ಒಣಗಿ ಪುನಃ ಮುಚ್ಚಳವಾಗುವುದರಿಂದ ಅದನ್ನು ಮತ್ತೆ ಮತ್ತೆ ನೆನೆಸಬೇಕಾಗುತ್ತದೆ, ಮಗುವಿನ ಮುಖಕ್ಕೆ ಅದು ತಾಗಬಾರದು.

ಉಡುಪಿನ ವಿಷಯದಲ್ಲಿ ಒಂದೇ ಪದರದ ಸಡಿಲ ಹತ್ತಿ ಬಟ್ಟೆ ಸಾಕು, ಕಾಲುಚೀಲ ಮತ್ತು ಕುಲಾವಿ ಬೇಡ. ಅಂಗಾಲು ಮತ್ತು ತಲೆ ಶಾಖ ಬಿಡುವ ಮುಖ್ಯ ದಾರಿಗಳು. ಒಂದು ವರ್ಷದೊಳಗಿನ ಕೂಸನ್ನು ಗಟ್ಟಿಯಾದ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸಬೇಕು, ಬಳಿ ದಿಂಬು ಹೊದಿಕೆಗಳಿರಬಾರದು. ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವ ಅಪಾಯಕ್ಕೆ ಅತಿಯಾದ ಬಿಸಿಯೂ ಒಂದು ಕಾರಣವೆಂದು ತಿಳಿದಿರುವುದರಿಂದ ಈ ನಿಯಮವನ್ನು ಪ್ರವಾಸದಲ್ಲಿಯೂ ಸಡಿಲಿಸುವಂತಿಲ್ಲ. ಸೀರೆ ಕಟ್ಟಿದ ಜೋಲಿಗೆ ಸುತ್ತಲಿನಿಂದ ಗಾಳಿ ತಾಗುವುದು ನಿಜವಾದರೂ ಎಳೆಗೂಸಿನ ಗಲ್ಲ ಎದೆಗೆ ಮಡಚಿಕೊಂಡು ಉಸಿರಿಗೆ ಅಡ್ಡಿಯಾಗಬಹುದು. ಆರು ತಿಂಗಳೊಳಗಿನ ಶಿಶುವಿಗೆ ಸೆಖೆಯೆಂದು ನೀರು ಕುಡಿಸುವ ಅಗತ್ಯವಿಲ್ಲ. ಎದೆಹಾಲಿನ ಶೇಕಡ 88ರಷ್ಟು ನೀರೇ ಆಗಿರುವುದರಿಂದ ಹೆಚ್ಚು ಬಾರಿ ಹಾಲೂಡಿಸಬೇಕು. ನೀರು ಹೆಚ್ಚು ಬೇಕಾಗಿರುವುದು ತಾಯಿಗೆ.

ದಾರಿಯಲ್ಲಿ ನಿದ್ದೆಹೋದ ಮಗುವನ್ನು ಎಬ್ಬಿಸಬಾರದೆಂದು ನಿಲ್ಲಿಸಿದ ಕಾರಿನಲ್ಲಿಯೇ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು, ಅದರ ಶೇಕಡ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿತ್ತು. ಕಿಟಕಿಯ ಗಾಜನ್ನು ಕೊಂಚ ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಾಗಿರಲಿಲ್ಲ.

ಮಲಗಿದ ಮಗುವಿಗೆ ಸೆಖೆಯಾಗಿದೆಯೇ ಎಂದು ತಿಳಿಯಲು ಕೈ ಮುಟ್ಟಿ ನೋಡಿದರೆ ಸಾಲದು, ನಿದ್ದೆಯಲ್ಲಿ ಅದು ಹೇಗೂ ಬೆಚ್ಚಗಿರುತ್ತದೆ. ಎದೆ ಅಥವಾ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡಬೇಕು. ಅಲ್ಲಿ ಚರ್ಮ ಸುಡುತ್ತಿದ್ದರೆ, ಮುಖ ಕೆಂಪೇರಿ ಉಸಿರು ಬಿರುಸಾಗಿದ್ದರೆ ಎಬ್ಬಿಸಿ, ಬಟ್ಟೆ ಕಳಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಬೇಕು. ಒಂದು ಮಧ್ಯಾಹ್ನ ನಿದ್ದೆ ತಪ್ಪಿದರೆ ಮಗುವಿಗೆ ಹಾನಿಯಿಲ್ಲ, ಸಂಜೆ ಅದನ್ನು ಬೇಗ ಮಲಗಿಸಿದರಾಯಿತು. ಕಾದ ಜಾಗದಲ್ಲಿ ಒತ್ತಾಯದಿಂದ ಮಲಗಿಸುವುದರಲ್ಲಿ ಮಾತ್ರ ಹಾನಿಯಿದೆ. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಕೂಸುಗಳನ್ನು ಕಟ್ಟಿಕೊಂಡು ಬಯಲಿಗೆ ಹೋಗುವುದೇ ತಪ್ಪು. ಎಬ್ಬಿಸಿದರೂ ಸರಿಯಾಗಿ ಏಳದೆ ಜೋಲುತ್ತಿದ್ದರೆ, ವಾಂತಿಯಾಗುತ್ತಿದ್ದರೆ, ಸೆಟೆದುಕೊಂಡರೆ, ಅಥವಾ ಹಲವು ಗಂಟೆಗಳಿಂದ ಮೂತ್ರವಾಗಿರದಿದ್ದರೆ, ಮೈಯನ್ನು ತಣಿಸುತ್ತಲೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮಗುವನ್ನು ನೆರಳಿನಲ್ಲಿ ಇಟ್ಟುಕೊಂಡಿರಬೇಕು.