ಕ್ಯಾಮೆರಾಕ್ಕೆ ಮೊದಲು ಕಥೆಗೆ ಕೂರುವವರು

ಗುತ್ತಲ, ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಸಿನಿಮಾದ ಕನಸು ಹೊತ್ತು ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಗೊತ್ತಿರುವ ಕೆಲಸಗಳು ನಾಲ್ಕೈದು: ನಟನೆ, ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಹೆಚ್ಚೆಂದರೆ ಹಾಡು ಬರೆಯುವುದು. ಇವೆಲ್ಲಕ್ಕಿಂತ ಮುಂಚೆ ನಡೆಯುವ ಒಂದು ಕೆಲಸವಿದೆ. ಯಾವ ಕಥೆ ಸಿನಿಮಾ ಆಗಬೇಕು, ಯಾವುದು ಧಾರಾವಾಹಿ ಆಗಬೇಕು, ಯಾವ ಕಾದಂಬರಿಯ ಹಕ್ಕು ಕೊಳ್ಳಬೇಕು, ಬಂದ ಚಿತ್ರಕಥೆಯಲ್ಲಿ ಎಲ್ಲಿ ಜೀವವಿದೆ, ಎಲ್ಲಿ ಅದು ಸೊರಗಿದೆ ಎಂದು ಓದಿ, ಕೇಳಿ, ಚರ್ಚಿಸಿ, ಮತ್ತೆ ಮತ್ತೆ ಬರೆಸಿ, ಶೂಟಿಂಗ್‌ಗೆ ಹೋಗುವ ಹದಕ್ಕೆ ತರುವ ಕೆಲಸ. ಚಾನೆಲ್‌ಗಳಲ್ಲಿ, ನಿರ್ಮಾಣ ಸಂಸ್ಥೆಗಳಲ್ಲಿ ಇದನ್ನು ಸ್ಟೋರಿ ಟೀಮ್ ಎನ್ನುತ್ತಾರೆ, ಕ್ರಿಯೇಟಿವ್ ಟೀಮ್ ಎನ್ನುತ್ತಾರೆ. ಗಾಂಧಿನಗರದ ಹಳಬರು ಇವತ್ತಿಗೂ ‘ಕಥೆಗೆ ಕೂತಿದ್ದೇವೆ’ ಎಂದೇ ಹೇಳುವುದು.

ಓದುವ ಹವ್ಯಾಸವಿದ್ದು, ನಾಲ್ಕು ಜನರ ನಡುವೆ ಕೂತು ಕಥೆ ಬಿಡಿಸಿ ಹೇಳುವ ಬಾಯಿ ಇದ್ದವರಿಗೆ ಇಡೀ ಉದ್ಯಮದಲ್ಲಿ ಇದಕ್ಕಿಂತ ಒಗ್ಗುವ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಹಾವೇರಿ ಜಿಲ್ಲೆಯಲ್ಲಿ ಅಂಥವರಿಗೆ ಬರಗಾಲವೂ ಇಲ್ಲ.

ಕೆಲಸ ಶುರುವಾಗುವುದು ಓದಿನಿಂದ. ಕಚೇರಿಗೆ ಕಥೆಗಳು ಬರುತ್ತಲೇ ಇರುತ್ತವೆ: ಕೆಲವು ಎರಡು ಪುಟದ ಸಾರಾಂಶ, ಕೆಲವು ನೂರಿಪ್ಪತ್ತು ಪುಟದ ಬೌಂಡ್ ಸ್ಕ್ರಿಪ್ಟ್, ಕೆಲವು ಅಚ್ಚಾದ ಕಾದಂಬರಿ. ಹೊಸದಾಗಿ ಸೇರಿದವರು ಅವನ್ನು ಓದಿ ಒಂದೆರಡು ಪುಟದ ವರದಿ ಬರೆಯಬೇಕು. ಮೊದಲು ಕಥೆಯ ಎಳೆ ಒಂದೇ ವಾಕ್ಯದಲ್ಲಿ, ಅದನ್ನು ‘ಒನ್‌ಲೈನ್’ ಎನ್ನುತ್ತಾರೆ. ಆಮೇಲೆ ಸಾರಾಂಶ, ಗಟ್ಟಿ ಅಂಶ, ಸಡಿಲ ಅಂಶ, ಖರ್ಚು ಹೆಚ್ಚಿಸುವ ದೃಶ್ಯಗಳು, ಕೊನೆಗೆ ತೀರ್ಪು: ತೆಗೆದುಕೊಳ್ಳೋಣ, ತಿದ್ದಿಸಿ ನೋಡೋಣ, ಬೇಡ. ಒನ್‌ಲೈನ್ ಬರೆಯುವುದೇ ಕಷ್ಟ. ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ ಒಂದೇ ಮಾತಿನ ಕಾರ್ಣಿಕ ನುಡಿಯುತ್ತಾನೆ. ಆ ಒಂದು ಮಾತಿನಲ್ಲಿ ಮಳೆ, ಬೆಳೆ, ರಾಜಕಾರಣ ಎಲ್ಲವನ್ನೂ ಜನ ಓದಿಕೊಳ್ಳುತ್ತಾರೆ. ಒಳ್ಳೆಯ ಒನ್‌ಲೈನ್ ಹಾಗಿರಬೇಕು. ಕೇಳಿದವರ ತಲೆಯಲ್ಲಿ ಮುಂದಿನ ಎರಡು ತಾಸಿನ ಚಿತ್ರ ತಾನಾಗಿ ಮೂಡಬೇಕು.

ಇದು ಹೊಸ ವೃತ್ತಿಯೇನಲ್ಲ. ಕನ್ನಡ ಚಿತ್ರರಂಗದ ಅತಿ ಫಲವತ್ತಾದ ಎರಡು ದಶಕಗಳು ನಿಂತಿದ್ದೇ ಓದುವವರ ಮೇಲೆ. ರಾಜ್‌ಕುಮಾರ್ ಅವರ ತಮ್ಮ ವರದಪ್ಪ ಕಥೆ ಕೇಳಿ ಆರಿಸುತ್ತಿದ್ದುದು, ಪತ್ನಿ ಪಾರ್ವತಮ್ಮನವರು ಕಾದಂಬರಿಗಳನ್ನು ಗಮನಿಸಿ ಹಕ್ಕು ಕೊಳ್ಳುತ್ತಿದ್ದುದು ಚಿತ್ರರಂಗ ಬಲ್ಲ ಸಂಗತಿ. ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’ (1972), ವಾಣಿಯವರ ‘ಎರಡು ಕನಸು’ (1974) ಪುಸ್ತಕದ ಅಂಗಡಿಯಿಂದ ತೆರೆಗೆ ಬಂದದ್ದು ಹೀಗೆ. ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ ಕಾದಂಬರಿ 1986ರಲ್ಲಿ ‘ಅನುರಾಗ ಅರಳಿತು’ ಆಯಿತು. ಅದೇ ಕಥೆ ಮುಂದೆ ತಮಿಳಿನಲ್ಲಿ ‘ಮನ್ನನ್’, ತೆಲುಗಿನಲ್ಲಿ ‘ಘರಾನಾ ಮೊಗುಡು’, ಹಿಂದಿಯಲ್ಲಿ ‘ಲಾಡ್ಲಾ’ ಆಗಿ ಮೂರು ಭಾಷೆಯ ದೊಡ್ಡ ನಟರಿಗೆ ಸಿನಿಮಾ ಕೊಟ್ಟಿತು. ಕನ್ನಡದ ಒಬ್ಬ ಲೇಖಕಿಯ ಪುಸ್ತಕವನ್ನು ಯಾರೋ ಒಬ್ಬರು ಸರಿಯಾದ ಕಣ್ಣಿನಿಂದ ಓದಿದ್ದರಿಂದ ಆದದ್ದು ಇಷ್ಟು.

ಪುಟ್ಟಣ್ಣ ಕಣಗಾಲರನ್ನು ನಾವು ನಿರ್ದೇಶಕರೆಂದು ಹೊಗಳುತ್ತೇವೆ, ಅವರೊಳಗಿದ್ದ ಓದುಗನನ್ನು ಮರೆಯುತ್ತೇವೆ. ತ್ರಿವೇಣಿಯವರಿಂದ ‘ಬೆಳ್ಳಿ ಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರಿಂದ ‘ಗೆಜ್ಜೆಪೂಜೆ’. ಭಾರತೀಸುತರಿಂದ ‘ಎಡಕಲ್ಲು ಗುಡ್ಡದ ಮೇಲೆ’. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ 1972ರ ‘ನಾಗರಹಾವು’ ಒಂದನ್ನೇ ಮಾಡಿದರು. ಮೂರು ಪುಸ್ತಕದ ಘಟನೆಗಳಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬ ನಿರ್ಧಾರವಿದೆಯಲ್ಲ, ಕಥಾ ವಿಭಾಗದ ಹೃದಯ ಅದೇ.

ಹಾವೇರಿ ಸೀಮೆಯವರೇ ಆದ ಗಳಗನಾಥರನ್ನೂ ನಾನು ಈ ಸಾಲಿಗೆ ಸೇರಿಸುತ್ತೇನೆ. ವರದೆ ತುಂಗಭದ್ರೆಯನ್ನು ಸೇರುವ ಗಳಗನಾಥ ಎಂಬ ಊರಿನ ಹೆಸರಿನಲ್ಲಿ ಬರೆದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ‘ಕನ್ನಡಿಗರ ಕರ್ಮಕಥೆ’ ಬಂದದ್ದು ಆಪಟೆಯವರ ‘ವಜ್ರಾಘಾತ’ದಿಂದ. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿ ಓದುಗರು ಮೆಚ್ಚಿದ್ದು ಕನ್ನಡದ ಓದುಗರಿಗೆ ಯಾಕೆ ಹಿಡಿಸಬೇಕು, ಹಿಡಿಸಬೇಕಾದರೆ ಎಲ್ಲಿ ಮಾರ್ಪಡಬೇಕು ಎಂದು ಅವರು ಮಾಡಿದ ಯೋಚನೆಯನ್ನೇ ಇವತ್ತಿನ ಚಾನೆಲ್‌ನ ಸ್ಟೋರಿ ಟೀಮ್ ಮಾಡುತ್ತದೆ. 2019ರಲ್ಲಿ ಶುರುವಾಗಿ ಮನೆಮಾತಾದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೆ ರೇ’ ಧಾರಾವಾಹಿಯ ಕನ್ನಡ ರೂಪ. ಮನೆಯ ರೀತಿ, ಊಟ, ಹಬ್ಬ, ಸಂಬಂಧದಲ್ಲಿ ಕರೆಯುವ ಪದ, ಸಿಟ್ಟು ತೋರಿಸುವ ಬಗೆ, ಎಲ್ಲವನ್ನೂ ನೋಡುಗರ ಮನೆಗೆ ಒಗ್ಗಿಸಬೇಕು. ಟೀವಿಯವರು ಇದಕ್ಕೆ ‘ನೇಟಿವಿಟಿ’ ಎನ್ನುತ್ತಾರೆ.

ಇನ್ನು ಟೀವಿಯ ಮಾತು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ 1998ರಲ್ಲಿ ದೂರದರ್ಶನದಲ್ಲಿ ದಿನನಿತ್ಯದ ಧಾರಾವಾಹಿಗೆ ಒಂದು ಘನತೆ ತಂದಿತು. 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದ ಮೇಲೆ ಕಥೆಯ ಹಸಿವು ಎಷ್ಟೋ ಪಟ್ಟು ಹೆಚ್ಚಿತು. ಒಂದು ಧಾರಾವಾಹಿಗೆ ವಾರಕ್ಕೆ ಐದಾರು ಎಪಿಸೋಡ್, ಒಂದೊಂದಕ್ಕೂ ಸುಮಾರು 22 ನಿಮಿಷದ ಕಥೆ. ಕಥೆಗಾರರು ಮುಂದಿನ ವಾರಗಳ ‘ಟ್ರ್ಯಾಕ್’ ಹಾಕಿಕೊಡುತ್ತಾರೆ. ಅದನ್ನು ಒಬ್ಬರು ದೃಶ್ಯಗಳಾಗಿ ಒಡೆದು ಚಿತ್ರಕಥೆ ಮಾಡುತ್ತಾರೆ. ಇನ್ನೊಬ್ಬರು ಸಂಭಾಷಣೆ ಬರೆಯುತ್ತಾರೆ. ಚಾನೆಲ್ ಕಡೆಯ ಇ.ಪಿ., ಅಂದರೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಓದಿ ತಿದ್ದುಪಡಿ ಹೇಳುತ್ತಾರೆ. ಗುರುವಾರ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಬರುತ್ತದೆ. ಅಂಕ ಇಳಿದಿದ್ದರೆ ಅಂದೇ ಮತ್ತೆ ಕಥೆಗೆ ಕೂರಬೇಕು, ಎರಡು ವಾರ ಮುಂದೆ ಬರಬೇಕಾದ ತಿರುವನ್ನು ಹಿಂದಕ್ಕೆಳೆಯಬೇಕು. ಶೂಟಿಂಗ್ ಮುಗಿದ ಎಪಿಸೋಡ್‌ಗಳ ‘ಬ್ಯಾಂಕ್’ ಕರಗಿದ ದಿನ ಇಡೀ ತಂಡಕ್ಕೆ ನಿದ್ದೆಯಿಲ್ಲ. ಆದರೆ ಒಂದೇ ವರ್ಷದಲ್ಲಿ ಇಷ್ಟು ದೃಶ್ಯ ಕಟ್ಟಿ, ಒಡೆದು, ಮತ್ತೆ ಕಟ್ಟುವುದನ್ನು ಕಲಿಸುವ ಶಾಲೆ ಬೇರೆ ಸಿಗದು. ಧಾರಾವಾಹಿ ಎಂದರೆ ಮೂಗು ಮುರಿಯುವವರು ಒಮ್ಮೆ ಆ ಕೋಣೆಯಲ್ಲಿ ಕೂತು ನೋಡಬೇಕು.

ಕಥೆಗೆ ಕೂರುವುದೆಂದರೆ ಏನು ಎಂಬುದನ್ನು ಇಲ್ಲಿನದೇ ಒಂದು ಕಲ್ಪಿತ ಕಥೆ ಹಿಡಿದು ತೋರಿಸುತ್ತೇನೆ. ಒಬ್ಬ ಹೊಸ ಲೇಖಕ ಒಂದು ಎಳೆ ತಂದಿದ್ದಾನೆ: ಗುತ್ತಲದ ಹತ್ತಿರದ ಹಳ್ಳಿಯ ಹೆಣ್ಣುಮಗಳು ಲಾವಣಿಗೆ (ಗೇಣಿಗೆ) ಹಿಡಿದ ಹೊಲದಲ್ಲಿ ಮೆಣಸಿನಕಾಯಿ ಬೆಳೆದು ಬ್ಯಾಡಗಿಗೆ ತರುತ್ತಾಳೆ, ದರ ಬಿದ್ದಿರುತ್ತದೆ, ಮಗಳ ಮದುವೆ ನಿಂತುಹೋಗುತ್ತದೆ. ಕಥಾ ವಿಭಾಗದವರು ಮೊದಲು ಕೇಳುವುದು: ಮಗಳ ಮದುವೆ ಯಾಕೆ? ಸುಲಭಕ್ಕೆ ಸಿಕ್ಕಿದ್ದಕ್ಕೋ? ಬೇರೇನು ಬೇಕಿದೆ ಅವಳಿಗೆ? ಲೇಖಕ ಯೋಚಿಸಿ ಹೇಳುತ್ತಾನೆ, ಮುಂದಿನ ವರ್ಷಕ್ಕೂ ಅದೇ ಹೊಲ ಬೇಕು, ಲಾವಣಿಯ ಹಣವನ್ನು ಯುಗಾದಿಯೊಳಗೆ ಹೊಲದ ಯಜಮಾನನಿಗೆ ಮುಟ್ಟಿಸಬೇಕು. ಈಗ ಕಥೆಗೆ ಒಂದು ಗಡುವು ಬಂತು. ಮುಂದಿನ ಪ್ರಶ್ನೆ: ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್, ಸೋಮವಾರ ದರ ಸಿಗದಿದ್ದರೆ ಅವಳ ಮುಂದೆ ಯಾವ ಯಾವ ದಾರಿಯಿದೆ? ಕೈಗೆ ಬಂದಷ್ಟಕ್ಕೆ ಮಾರಬಹುದು. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಬಾಡಿಗೆ ಕಟ್ಟುತ್ತ ಒಳ್ಳೆಯ ದರಕ್ಕೆ ಕಾಯಬಹುದು. ಅಡತಿ ಅಂಗಡಿಯಲ್ಲಿ ಚೀಲದ ಮೇಲೆ ಮುಂಗಡ ಕೇಳಬಹುದು. ಗುರುವಾರದವರೆಗೆ ಅಲ್ಲೇ ತೊಟ್ಟು ಬಿಡಿಸುವ ಹೆಂಗಸರ ಜೊತೆ ಕೂಲಿಗೆ ಕೂತು ಚೀಲ ಕಾಯಬಹುದು.

ಈ ಕೊನೆಯದನ್ನು ಹೇಳಿದ್ದೇ ತಡ, ಕೋಣೆಯಲ್ಲಿದ್ದವರೆಲ್ಲ ಎದ್ದು ಕೂರುತ್ತಾರೆ. ಬೆಳೆದವಳು ತನ್ನದಲ್ಲದ ಕಾಯಿಯ ತೊಟ್ಟು ಬಿಡಿಸುತ್ತ ತನ್ನ ಚೀಲದ ಮೇಲೆ ಕಣ್ಣಿಟ್ಟಿರುವ ಮೂರು ದಿನ. ಅಲ್ಲಿ ಕೂಲಿಯವರ ಮಾತಿದೆ, ಕೈಯುರಿಯಿದೆ, ಕೆಮ್ಮಿದೆ, ಪರಿಚಯದವರು ನೋಡಿಬಿಟ್ಟಾರೆಂಬ ನಾಚಿಕೆಯಿದೆ. ಸಿನಿಮಾ ಸಿಕ್ಕಿತು. ಮದುವೆಯ ಕಥೆಯಲ್ಲಿ ಅದು ಇರಲಿಲ್ಲ. ಬ್ಯಾಡಗಿಯ ಪೇಟೆಯನ್ನು ಕಣ್ಣಾರೆ ಕಂಡವರು ಆ ಕೋಣೆಯಲ್ಲಿ ಒಬ್ಬರಾದರೂ ಇಲ್ಲದಿದ್ದರೆ ಈ ಪ್ರಶ್ನೆ ಕೇಳುವವರೂ ಇರುತ್ತಿರಲಿಲ್ಲ.

ನಮ್ಮ ಭಾಗದವರು ಈ ಕೆಲಸಕ್ಕೆ ಹೋಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ತೆರೆಯ ಮೇಲೆ ಉತ್ತರ ಕರ್ನಾಟಕದ ಮಾತು ಬಹುಸಲ ಬರುವುದು ನಗಿಸುವುದಕ್ಕೆ. ಹಾಗಾಗದೇ ಇದ್ದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ರಂ.ಶಾ. ಲೋಕಾಪುರ ಅವರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ತಾಯಿ ಸಾಹೇಬ’ (1997) ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ, ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ನಮ್ಮ ಸೀಮೆಯ ಆಚೆಗೂ ಹೀಗೆಯೇ: ಮಂಡ್ಯ ಕಡೆಯ ‘ತಿಥಿ’ಯನ್ನು ರಾಮ್ ರೆಡ್ಡಿಯವರ ಜೊತೆ ಕಟ್ಟಿದ ಈರೇಗೌಡ ಆ ಕಥೆ ನಡೆಯುವ ನೊದೆಕೊಪ್ಪಲಿನವರೇ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದವರೆಗೆ ಆ ಊರಿನ ಮಾತು ಕೇಳಿಸಿತು. ನಮ್ಮ ಜಿಲ್ಲೆಯಲ್ಲೇ, ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ ಭಟ್ಟರು 2006ರ ‘ಮುಂಗಾರು ಮಳೆ’ಯಲ್ಲಿ ನಾಯಕ ಮಾತಾಡುವ ಧಾಟಿಯನ್ನೇ ಬದಲಿಸಿದರು.

ಸೇರುವ ದಾರಿ ಯಾವುದು? ಇದಕ್ಕೆಂದೇ ಕಡ್ಡಾಯವಾದ ಪದವಿ ಇಲ್ಲ. ಪುಣೆಯ ಎಫ್‌ಟಿಐಐಯಲ್ಲಿ ಚಿತ್ರಕಥೆಯ ಕೋರ್ಸ್ ಇದೆ. ಹೆಗ್ಗೋಡಿನ ನೀನಾಸಂ ಕಲಿಸುವುದು ರಂಗಭೂಮಿಯನ್ನು, ಆದರೆ ದೃಶ್ಯ ಎಂದರೇನು ಎಂಬ ತಿಳಿವಳಿಕೆ ಅಲ್ಲಿ ಮೈಗೂಡುತ್ತದೆ. ಕಥೆ ಸಿದ್ಧವಿದ್ದವರು ಎನ್‌ಎಫ್‌ಡಿಸಿಯ ಚಿತ್ರಕಥಾ ಕಮ್ಮಟಕ್ಕೆ ಅರ್ಜಿ ಹಾಕಬಹುದು. ಹೆಚ್ಚಿನವರು ಒಳಗೆ ಹೋಗುವುದು ಮಾತ್ರ ಧಾರಾವಾಹಿಯ ಬರಹಗಾರರೊಬ್ಬರಿಗೆ ಸಹಾಯಕರಾಗಿ, ಅಥವಾ ನಿರ್ಮಾಣ ಸಂಸ್ಥೆಯಲ್ಲಿ ಸ್ಕ್ರಿಪ್ಟ್ ಓದಿಕೊಡುವವರಾಗಿ. ಕೆಲಸ ಕೇಳಲು ಹೋಗುವಾಗ ನೀವು ಓದಿದ ಹತ್ತು ಕಾದಂಬರಿಗಳ ಬಗ್ಗೆ ಮೇಲೆ ಹೇಳಿದ ಮಾದರಿಯ ವರದಿ ಬರೆದು ಜೊತೆಗೊಯ್ಯಿರಿ. ಫೋಟೊ ಆಲ್ಬಮ್ ಹಿಡಿದು ಬರುವವರ ಸಾಲಿನಲ್ಲಿ ಅಂಥ ಹತ್ತು ವರದಿ ತಂದವರನ್ನು ಮರಳಿ ಕರೆಯದೆ ಇರುವುದು ಕಷ್ಟ.

ಕಷ್ಟಗಳನ್ನೂ ಹೇಳಬೇಕು. ಆರಂಭದ ಸಂಬಳ ಬೆಂಗಳೂರಿನ ಬಾಡಿಗೆಗೆ ಸಾಲದು. ಹೆಸರು ತೆರೆಯ ಮೇಲೆ ಬರುತ್ತದೆಂಬ ಖಾತ್ರಿಯಿಲ್ಲ. ಬಾಯಲ್ಲಿ ಹೇಳಿದ ಕಥೆ ಇನ್ನೊಬ್ಬರ ಹೆಸರಲ್ಲಿ ಬಂತೆಂಬ ದೂರು ಗಾಂಧಿನಗರದಷ್ಟೇ ಹಳೆಯದು. ಬರಿಯ ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಹೇಳುವ ಮೊದಲು ಬರೆಯಿರಿ, ಬರೆದದ್ದನ್ನು ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ನೋಂದಾಯಿಸಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಒಪ್ಪಂದದಲ್ಲಿ ಅವಧಿ ನಮೂದಾಗದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಬೇರೆ ಮಾತು ಬರೆದುಕೊಂಡಿರದಿದ್ದರೆ, ಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಹೋದಲ್ಲಿ ಅದು ರದ್ದಾಗುತ್ತದೆ. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಆಚೆಗಿನ ಬಳಕೆಗೆ ಬರುವ ರಾಯಧನದ ಸಮಪಾಲನ್ನು ಲೇಖಕ ಬಿಟ್ಟುಕೊಡುವಂತೆಯೇ ಇಲ್ಲ. ಅಡ್ವಾನ್ಸ್ ಕೈಗೆ ಬಂದ ಸಂತೋಷದಲ್ಲಿ ಓದದೆ ಸಹಿ ಹಾಕುವವರು ಇನ್ನೂ ಇದ್ದಾರೆ. ಸ್ಕ್ರಿಪ್ಟನ್ನು ಅಷ್ಟು ಎಚ್ಚರದಿಂದ ಓದುವವರು ಒಪ್ಪಂದವನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಲೇಖಕ ತೀರಿಕೊಂಡು 60 ವರ್ಷ ಕಳೆದ ಕೃತಿಗೆ ಯಾರ ಅನುಮತಿಯೂ ಬೇಡ. ಗಳಗನಾಥರ ಕಾದಂಬರಿಗಳು ಆ ಲೆಕ್ಕದಲ್ಲಿ ಎರಡು ದಶಕದ ಹಿಂದೆಯೇ ಎಲ್ಲರಿಗೂ ಮುಕ್ತವಾಗಿವೆ; ವರದಿ ಬರೆಯುವ ಅಭ್ಯಾಸಕ್ಕೆ ಅವನ್ನೇ ಹಿಡಿಯಬಹುದು.

ಕೊನೆಯದಾಗಿ ಒಂದು ಬೇಡಿಕೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಲಾವಣಿ, ದೊಡ್ಡಾಟ, ಐತಿಹ್ಯಗಳನ್ನು ಬಲ್ಲ ಅಧ್ಯಾಪಕರು ಅಲ್ಲಿದ್ದಾರೆ. ಚಾನೆಲ್‌ಗಳ ಕಥಾ ವಿಭಾಗದವರನ್ನು ಕರೆಸಿ, ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೊಂದು ವಾರದ ಚಿತ್ರಕಥಾ ಕಮ್ಮಟವನ್ನು ವಿಶ್ವವಿದ್ಯಾಲಯ ನಡೆಸಲಿ. ಗುತ್ತಲದ ವಿದ್ಯಾರ್ಥಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ತಲುಪುವ ದೂರ ಅದು.